ಇದಕ್ಕೆ ಮೊದಲು ಕೈ ಹಾಕಿದವರು ಯಾರು?

ರಿಪೇರಿ ಮಾಡುವವರನ್ನು ನಾನು ಬಹಳ ವರ್ಷಗಳಿಂದ ಗಮನಿಸುತ್ತ ಬಂದಿದ್ದೇನೆ. ಅವರು ಯಾರೇ ಇರಲಿ, ಮೊದಲು ಬೈಯುವುದು ಕೆಟ್ಟುಹೋದ ವಸ್ತುವನ್ನಲ್ಲ, ತಮಗಿಂತ ಮೊದಲು ಅದಕ್ಕೆ ಕೈ ಹಾಕಿದವರನ್ನು. ನಲ್ಲಿ ಸೋರುತ್ತದೆ ಎಂದು ಕರೆದರೆ ಬಂದವನು ನಲ್ಲಿಯನ್ನು ನೋಡಿ ಹಣೆ ಚಚ್ಚಿಕೊಂಡು, "ಇದನ್ನು ಯಾವ ಪುಣ್ಯಾತ್ಮ ಕೂರಿಸಿದ್ದು ಮಾರಾಯ್ರೇ" ಎನ್ನುತ್ತಾನೆ. ಟೈಲರಿಗೆ ರವಿಕೆ ಕೊಟ್ಟರೆ ಹಳೆಯ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಸತ್ತ ಜಿರಳೆಯನ್ನು ನೋಡುವ ಹಾಗೆ ನೋಡುತ್ತಾನೆ. ಒಮ್ಮೆ ಉಡುಪಿಯ ಹಲ್ಲಿನ ಡಾಕ್ಟರೊಬ್ಬರು ನನ್ನ ದವಡೆಯೊಳಗೆ ಕನ್ನಡಿ ತೂರಿಸಿ, "ಛೇ, ಇದನ್ನು ಯಾರು ಹೀಗೆ ತುಂಬಿಸಿದ್ದು?" ಎಂದು ಬಹಳ ಬೇಸರದಿಂದ ಕೇಳಿದರು. ನನ್ನ ಬಾಯಿಯ ತುಂಬ ಅವರದೇ ಬೆರಳುಗಳಿದ್ದವು. ಹಾಗಾಗಿ "ನೀವೇ ಡಾಕ್ಟ್ರೇ, ಮೂರು ವರ್ಷದ ಹಿಂದೆ" ಎಂದು ಹೇಳುವ ಅವಕಾಶ ನನಗೆ ಸಿಗಲಿಲ್ಲ. ಆ ದಿನ ಮನೆಗೆ ಬಂದು ಒಂದು ಬದಿಯ ಕೆನ್ನೆ ಊದಿಸಿಕೊಂಡೇ ನಾನು ಬಹಳ ಹೊತ್ತು ನಕ್ಕಿದ್ದೆ. ಅಷ್ಟು ನಗಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ನನ್ನ ಗಂಡ ವಲೇರಿಯನ್ ಇಪ್ಪತ್ತೆರಡು ವರ್ಷ ಕುವೈತಿನಲ್ಲಿ ಏಸಿ ರಿಪೇರಿ ಮಾಡಿ ಊರಿಗೆ ಬಂದವರು. ನಮ್ಮ ಶಿರ್ವದಲ್ಲಿ ಗಲ್ಫಿನ ದೊಡ್ಡ ಮನೆಗಳು ಬಹಳ ಉಂಟು. ನಮ್ಮದು ಅರ್ಧ ಗಲ್ಫಿನ ಮನೆ. ಎದುರಿನ ಕಂಬಗಳನ್ನು ಕಟ್ಟುವಾಗ ಅವರು ಅಲ್ಲಿದ್ದರು, ಹಿಂದಿನ ಅಡುಗೆಮನೆಗೆ ತಲುಪುವಷ್ಟರಲ್ಲಿ ಇಲ್ಲಿಗೆ ಬಂದಾಗಿತ್ತು. ಅವರೂ ಎಲ್ಲ ರಿಪೇರಿಯವರ ಹಾಗೆ ಅದೇ ಪ್ರಶ್ನೆ ಕೇಳುತ್ತಾರೆ, ಆದರೆ ಸಿಟ್ಟಿಲ್ಲದೆ, ಡಾಕ್ಟರು ನಿನ್ನೆ ರಾತ್ರಿ ಏನು ತಿಂದಿರಿ ಎಂದು ಕೇಳುವ ಹಾಗೆ. ಮಿಕ್ಸಿ ನಿಂತರೆ ಒಂದು ಸ್ಟೂಲು ಎಳೆದು ಕೂತು, ಕನ್ನಡಕ ಹಾಕಿ, "ಇದಕ್ಕೆ ಮೊದಲು ಕೈ ಹಾಕಿದವರು ಯಾರು?" ಎನ್ನುತ್ತಾರೆ. ಮನೆಯಲ್ಲಿ ಇರುವುದು ನಾವಿಬ್ಬರೇ. ಅವರು ಹಾಕಿಲ್ಲವೆಂದ ಮೇಲೆ ಉತ್ತರಕ್ಕೆ ಪತ್ತೇದಾರ ಬೇಕಾಗಿಲ್ಲ. ಆದ್ದರಿಂದ ನನಗೆ ಆ ಪ್ರಶ್ನೆ ಕಂಡರೆ ಆಗುವುದಿಲ್ಲ.

ನಾನು ಕಾಪು ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಐರಿನ್ ಮೇಡಂ ಎಂದರೆ ಗೇಟಿನ ವಾಚ್‌ಮನ್ ಲ್ಯಾಬಿನ ಕಡೆ ಕೈ ತೋರಿಸುತ್ತಾನೆ. ಲ್ಯಾಬಿನಲ್ಲಿ ಇಪ್ಪತ್ತನಾಲ್ಕು ಕಂಪ್ಯೂಟರುಗಳಿವೆ, ಎಲ್ಲದರಲ್ಲೂ ವಿಂಡೋಸಿನ ಬದಲು ಲಿನಕ್ಸ್. ಅದನ್ನು ಆರು ವರ್ಷದ ಹಿಂದೆ ಹಾಕಿದವಳು ನಾನೇ. ಮಣಿಪಾಲದ ಹುಡುಗರು ಬಂದು ಮಾಡಿಕೊಡುತ್ತೇವೆ ಎಂದಾಗ ಬೇಡವೆಂದು, ಕ್ರಿಸ್ಮಸ್ ರಜೆಯಲ್ಲಿ ಕುಸ್ವಾರ್ ತಿಂಡಿ ಮಾಡುವುದನ್ನು ನಾದಿನಿಯ ಪಾಲಿಗೆ ಬಿಟ್ಟು, ಒಬ್ಬಳೇ ಕೂತು ಹಾಕಿದ್ದೇನೆ. ಆ ಹೆಮ್ಮೆಯನ್ನು ನಾನು ಮುಚ್ಚಿಟ್ಟವಳೂ ಅಲ್ಲ. ಯಾರಾದರೂ ಲ್ಯಾಬು ಚೆನ್ನಾಗಿದೆ ಎಂದರೆ, "ಹೂಂ, ಎಲ್ಲ ಹೀಗೇ ನಡೀತಾ ಉಂಟು" ಎಂದು ಬಹಳ ವಿನಯದಿಂದ ಹೇಳುತ್ತಿದ್ದೆ, ಇನ್ನೊಮ್ಮೆ ಹೊಗಳಲಿ ಎಂದು.

ನಮ್ಮ ಕಾಲೇಜುಗಳಲ್ಲಿ ಲ್ಯಾಬಿನ ನಿಜವಾದ ಯಜಮಾನ ಕಂಪ್ಯೂಟರ್ ಅಲ್ಲ, ರೆಕಾರ್ಡ್ ಪುಸ್ತಕ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ವರ್ಷದಲ್ಲಿ ಮಾಡುವ ಎಲ್ಲ ಪ್ರೋಗ್ರಾಮುಗಳನ್ನು ಮಕ್ಕಳು ಒಂದು ದಪ್ಪ ಪುಸ್ತಕದಲ್ಲಿ ಚಂದ ಅಕ್ಷರದಲ್ಲಿ ಬರೆದು, ಕಂದು ಕಾಗದದ ಬೈಂಡು ಹಾಕಿ, ನಮ್ಮ ಸಹಿ ಪಡೆಯಬೇಕು. ಅದಕ್ಕೆ ಅವರು ನೋಡಿ ಬರೆಯುವುದು ಸೀನಿಯರುಗಳ ರೆಕಾರ್ಡನ್ನು. ಆ ಸೀನಿಯರುಗಳು ಬರೆದದ್ದು ಅವರ ಸೀನಿಯರುಗಳದ್ದನ್ನು. ಹೀಗೆ ಹಿಂದೆ ಹಿಂದೆ ಹೋದರೆ ಇಪ್ಪತ್ತೈದು ವರ್ಷದ ಹಿಂದಿನ, ಈಗ ಎಲ್ಲೂ ಇಲ್ಲದ ಒಂದು ಸಾಫ್ಟ್‌ವೇರಿಗೆ ತಲುಪುತ್ತೇವೆ. ಆ ಕಾಲದಲ್ಲಿ ಪ್ರತಿ ಪ್ರೋಗ್ರಾಮಿನ ಮೊದಲಿಗೆ ಪರದೆ ಒರೆಸು ಎಂಬರ್ಥದ ಒಂದು ಸಾಲು ಬರೆಯುವ ಕ್ರಮವಿತ್ತು. ಈಗ ಒರೆಸಲು ಏನೂ ಇಲ್ಲ, ಒರೆಸು ಎಂದರೆ ಲಿನಕ್ಸಿಗೆ ಅರ್ಥವೂ ಆಗುವುದಿಲ್ಲ. ಆದರೂ ಆ ಸಾಲು ರೆಕಾರ್ಡಿನಿಂದ ರೆಕಾರ್ಡಿಗೆ ದಾಟಿ ಬಂದಿದೆ. ನಾನು ಸಹಿ ಹಾಕುವಾಗ ಮೊದಲು ನೋಡುವುದು ಆ ಸಾಲು ಉಂಟೋ ಎಂದು. ಇಲ್ಲದಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತೇನೆ. ಏಕೆ ಎಂದು ಯಾರೂ ಕೇಳಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಇನ್ನು ನಡೆದದ್ದನ್ನು ಹೇಳುತ್ತೇನೆ. ಆ ಶುಕ್ರವಾರ ಬೆಳಿಗ್ಗೆ ನಾನು ಲ್ಯಾಬಿಗೆ ಕಾಲಿಡುವಾಗಲೇ ಮಮತಾ ಬಾಗಿಲ ಹತ್ತಿರ ನಿಂತಿದ್ದಳು. ಮಮತಾ ನಮ್ಮ ಲ್ಯಾಬ್ ಅಸಿಸ್ಟೆಂಟ್. ಇನ್ನಂಜೆಯಿಂದ ಬಸ್ಸಿನಲ್ಲಿ ಬರುತ್ತಾಳೆ. ಐದು ವರ್ಷದಿಂದ ಅವಳದ್ದು ತಾತ್ಕಾಲಿಕ ಕೆಲಸ; ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ಪ್ರಿನ್ಸಿಪಾಲರು ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

"ಮೇಡಂ, ಕಂಪೈಲರ್ ಮಾತಾಡ್ತಾ ಇಲ್ಲ," ಎಂದಳು.

ಕಂಪೈಲರ್ ಎಂದರೆ ಮಕ್ಕಳು ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡಿಕೊಡುವ ದುಭಾಷಿ. ಅದರ ಸ್ವಭಾವ ಸಾಮಾನ್ಯವಾಗಿ ಜಗಳಗಂಟಿಯದ್ದು. ಒಂದು ಚಿಹ್ನೆ ಬಿಟ್ಟುಹೋದರೆ ಇಪ್ಪತ್ತು ಸಾಲು ಬೈಯುತ್ತದೆ. ಆದರೆ ಆ ದಿನ ಅದು ಬೈಯಲೂ ಇಲ್ಲ, ಕೆಲಸ ಮಾಡಲೂ ಇಲ್ಲ. ಹೆಸರು ಕರೆದು ಫೈಲು ಕೊಟ್ಟರೆ ಒಂದು ಕ್ಷಣ ಸುಮ್ಮನಿದ್ದು, ಮುಂದಿನ ಸಾಲಿಗೆ ಬಂದು ನಿಲ್ಲುತ್ತಿತ್ತು, ಏನೂ ಆಗಿಲ್ಲವೆಂಬಂತೆ. ಬೈಯುವವರನ್ನು ಹೇಗಾದರೂ ಸಂಭಾಳಿಸಬಹುದು, ಮಾತು ಬಿಟ್ಟವರೊಡನೆ ಏನು ಮಾಡುವುದು? ಇಪ್ಪತ್ತನಾಲ್ಕರಲ್ಲೂ ಅದೇ ಕಥೆ. ಮರುದಿನ ಒಂಬತ್ತೂವರೆಗೆ ಪ್ರಾಕ್ಟಿಕಲ್ ಪರೀಕ್ಷೆ. ಕಾರ್ಕಳದಿಂದ ಎಕ್ಸಾಮಿನರ್ ಬರುವವರಿದ್ದರು.

ಮೊದಲು ನನ್ನ ಬಾಯಿಂದ ಬಂದದ್ದು, ಓದುಗರು ಊಹಿಸಿಯಾಗಿದೆ, ಅದೇ ಮಾತು.

"ಇದಕ್ಕೆ ಕೈ ಹಾಕಿದ್ದು ಯಾರು?"

"ಹೋದ ವಾರ ಲ್ಯಾಬ್ ಕ್ಲಾಸುಗಳು ಮುಗಿದ ಮೇಲೆ ನಾನು ಅಪ್‌ಡೇಟ್ ಮಾಡಿದ್ದೇನೆ ಮೇಡಂ. ಆದರೆ ಅದು..."

"ಸಾಕು," ಎಂದೆ. ಹೊಸ ಆವೃತ್ತಿ ಹಾಕಿದ್ದಾಳೆ, ಹಾಳಾಗಿದೆ. ಇನ್ನೆಂತ ಬೇಕು? ನಾನು ಕುರ್ಚಿ ಎಳೆದು ನನ್ನ ಕಂಪ್ಯೂಟರಿನ ಎದುರು ಕೂತೆ, ಆದರೆ ಕಂಪ್ಯೂಟರಿಗೆ ಕೈ ಹಾಕುವ ಮೊದಲು ಕಾಗದಕ್ಕೆ ಕೈ ಹಾಕಿದೆ. ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆದೆ. ನಾಳೆ ಪರೀಕ್ಷೆ ನಡೆಯದಿದ್ದರೆ ನನ್ನ ತಲೆಗೆ ಬರಬಾರದಲ್ಲ. "ಅನುಮತಿಯಿಲ್ಲದೆ ಅನನುಭವಿಗಳು ಕೈ ಹಾಕಿದ ಕಾರಣ ಲ್ಯಾಬಿನ ವ್ಯವಸ್ಥೆ ಕೆಟ್ಟಿರುತ್ತದೆ. ತಪ್ಪೆಸಗಿದವರಿಂದ ಪಾಸ್‌ವರ್ಡನ್ನು ಹಿಂಪಡೆದು ಜವಾಬ್ದಾರಿಯುಳ್ಳ ಒಬ್ಬರ ವಶದಲ್ಲಿ ಮಾತ್ರ ಇರಿಸತಕ್ಕದ್ದೆಂದು ಸೂಚಿಸುತ್ತೇನೆ." ಹತ್ತು ನಿಮಿಷದಲ್ಲಿ ಮುಗಿಯಿತು. ಆಪಾದನೆಯ ಪತ್ರಗಳಿಗೆ ಭಾಷೆ ತಾನಾಗಿಯೇ ಒದಗಿ ಬರುತ್ತದೆ. ಮಡಚಿ, ಪಿನ್ ಹೊಡೆದು, ಆಫೀಸಿಗೆ ಕೊಟ್ಟು ಬಾ ಎಂದು ಮಮತಾಳ ಕೈಯಲ್ಲೇ ಕಳಿಸಿದೆ. ಬೇರೆ ಯಾರು ಇದ್ದರು ಅಲ್ಲಿ?

ಅವಳು ಹಿಂದೆ ಬಂದು ನನ್ನ ಬದಿಯಲ್ಲಿ ನಿಂತು, "ಮೇಡಂ, ಒಂದು ವಿಷಯ," ಎಂದಳು. "ಈಗ ಮಾತಾಡಿಸಬೇಡ ಮಾರಾಯ್ತಿ, ಯೋಚನೆ ಮಾಡ್ತಾ ಇದ್ದೇನೆ," ಎಂದೆ. ನಿಜವಾಗಿ ನಾನು ಯೋಚನೆ ಮಾಡುತ್ತಿರಲಿಲ್ಲ, ಗಾಬರಿಯಾಗುತ್ತಿದ್ದೆ. ಎರಡೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ.

ಮಣಿಪಾಲದಲ್ಲಿ ನನ್ನ ಅಣ್ಣನ ಮಗ ಆಲ್ವಿನ್ ಇದ್ದಾನೆ, ಇದೇ ಕೆಲಸದವನು. ಅವನಿಗೆ ಫೋನ್ ಮಾಡುವುದೆಂದರೆ ನನಗೆ ಸಣ್ಣ ಮರಣ. ಆದರೂ ಮಾಡಿದೆ, ಯಾರೋ ಗೆಳತಿಯ ಕಾಲೇಜಿನಲ್ಲಿ ಹೀಗಾಗಿದೆ ಎಂದು. "ಆಂಟಿ, ಗೆಳತಿಗೆ ಹೇಳಿ, ಕಂಪೈಲರನ್ನು ಪೂರ್ತಿ ತೆಗೆದು ಹೊಸದು ಹಾಕಿ ಅಂತ," ಎಂದ. ತೆಗೆದು ಹೊಸದು ಹಾಕಿದೆ. ಮೌನ. ಇನ್ನೊಮ್ಮೆ ತೆಗೆದೆ. ಆಗ ಒಂದು ವಿಚಿತ್ರ ಕಂಡಿತು: ತೆಗೆದುಹಾಕಿದ ಮೇಲೆಯೂ ಹೆಸರು ಕರೆದರೆ ಅದೇ ಮೌನ. ಇಲ್ಲದ ವಸ್ತು ಇಲ್ಲ ಎಂದಾದರೂ ಹೇಳಬೇಕಲ್ಲ? ನಾನು ಆಗಲೇ ಎಚ್ಚರಗೊಳ್ಳಬೇಕಿತ್ತು. ಬದಲಿಗೆ ನೆಟ್ ನಿಧಾನ ಉಂಟು ಎಂದು ತೀರ್ಮಾನಿಸಿ ಮೂರನೆಯ ಸಲ ಹಾಕಿದೆ.

ನನ್ನ ಹಿಂದೆ ಮಮತಾ ಒಂದೊಂದೇ ಕಂಪ್ಯೂಟರಿನ ಎದುರು ಕೂರುವುದು, ಕೀಬೋರ್ಡ್ ಟಕಟಕ ಮಾಡುವುದು, ಏಳುವುದು ನಡೆದಿತ್ತು. ನಾಳೆಗೆ ಮಕ್ಕಳ ಸೀಟ್ ನಂಬರ್ ಅಂಟಿಸುತ್ತಿದ್ದಾಳೆ ಎಂದುಕೊಂಡೆ. ಊಟದ ಹೊತ್ತಿಗೆ ಅವಳು ಮತ್ತೆ ಬಂದು, "ಮೇಡಂ, ನಿಮ್ಮ ಕಂಪ್ಯೂಟರ್ ಒಮ್ಮೆ ಬಿಡ್ತೀರಾ?" ಎಂದು ಕೇಳಿದಳು. "ಒಮ್ಮೆ ಕೈ ಹಾಕಿ ಆದದ್ದು ಸಾಕಾಗಲಿಲ್ಲವಾ?" ಎಂದೆ. ಅವಳು ಬುತ್ತಿ ತೆಗೆದುಕೊಂಡು ಹೊರಗೆ ಹೋದಳು. ಆ ಮಾತು ನಾನು ಆಡಿದ್ದು ಹೌದು. ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಎರಡು ಗಂಟೆಗೆ ಪಡುಬಿದ್ರಿಯ ರಿಜ್ವಾನಾ ರೆಕಾರ್ಡಿಗೆ ಕೊನೆಯ ಸಹಿ ಹಾಕಿಸಲು ಬಂದಳು. "ನಾಳೆ ಪರೀಕ್ಷೆ ಉಂಟಲ್ವಾ ಮೇಡಂ? ಒಂದು ಬಸ್ಸು ತಪ್ಪಿದರೂ ಆಗ್ತದೆ ಅಂತ ಏಳಕ್ಕೇ ಹೊರಡ್ತೇನೆ," ಎಂದಳು. ಉಂಟು ಎಂದೆ. ಅವಳು ಬಾಗಿಲು ದಾಟುವ ಮೊದಲೇ ಪ್ರಿನ್ಸಿಪಾಲರು ಬಂದರು. ಅವರು ಒಳ್ಳೆಯ ಮನುಷ್ಯ, ಬಾಟನಿಯವರು, ಕಂಪ್ಯೂಟರ್ ಕೆಟ್ಟರೆ ನೀರು ಹಾಕಿದ್ದೀರಾ ಎಂಬ ಮುಖ ಮಾಡಿ ನಿಲ್ಲುತ್ತಾರೆ. "ಐರಿನ್ ಮೇಡಂ, ನಾಲ್ಕೂವರೆಯ ಒಳಗೆ ಆಗದಿದ್ದರೆ ಕಾರ್ಕಳಕ್ಕೆ ಫೋನ್ ಮಾಡಿ ನಾಳೆ ಬರಬೇಡಿ ಅನ್ನಬೇಕಾಗ್ತದೆ. ಮಕ್ಕಳನ್ನು ಬೇರೆ ದಿನ ಉಡುಪಿಗೆ ಕಳಿಸುವುದು. ನಿಮ್ಮ ಪತ್ರ ಓದಿದೆ. ಆ ಹುಡುಗಿಯ ವಿಷಯ ಈ ಸಲ ಯೋಚನೆ ಮಾಡಬೇಕು," ಎಂದು ಮೆಲ್ಲಗೆ ಹೇಳಿ ಹೋದರು.

ನಾನು ಬರೆದದ್ದು ನನ್ನ ತಲೆ ಉಳಿಸಿಕೊಳ್ಳಲು. ಅವಳ ಕೆಲಸ ತೆಗೆಯಲು ಅಲ್ಲ. ಆದರೆ ಕಾಗದದಲ್ಲಿ ಹಾಗೆ ಬರೆದಿರಲಿಲ್ಲವಲ್ಲ.

ನಾಲ್ಕಕ್ಕೆ ವಲೇರಿಯನ್ ನನ್ನನ್ನು ಕರೆದೊಯ್ಯಲು ಬಂದರು. ಹತ್ತು ನಿಮಿಷ ಕಾರಿನಲ್ಲಿ ಕಾದು, ಮೇಲೆ ಲ್ಯಾಬಿಗೇ ಬಂದು ಸ್ಟೂಲು ಎಳೆದು ಕೂತರು. ಕನ್ನಡಕ ಹಾಕಿದರು. ನನಗೆ ಗೊತ್ತಾಯಿತು.

"ಇದಕ್ಕೆ ಮೊದಲು ಕೈ ಹಾಕಿದವರು ಯಾರು?"

"ಇವಳು," ಎಂದು ಮಮತಾಳನ್ನು ತೋರಿಸಿದೆ.

"ನೀವೇ ಉಡುಪಿಯಿಂದ ಫೋನಿನಲ್ಲಿ ಪಾಸ್‌ವರ್ಡ್ ಹೇಳಿ ಮಾಡು ಅಂದದ್ದು ಮೇಡಂ, ವ್ಯಾಲ್ಯುಯೇಶನಿಗೆ ಹೋಗಿದ್ದಿರಿ," ಎಂದಳು ಮಮತಾ, ಬಹಳ ಸಣ್ಣ ದನಿಯಲ್ಲಿ. ಹೌದು. ಹೇಳಿದ್ದೆ. ಅರ್ಧ ತಿಂದ ಗೋಳಿಬಜೆ ಕೈಯಲ್ಲಿ ಹಿಡಿದುಕೊಂಡು ಹೇಳಿದ್ದು ಈಗ ಸ್ಪಷ್ಟವಾಗಿ ನೆನಪಾಯಿತು.

"ಅದಕ್ಕಿಂತ ಮೊದಲು?" ಎಂದರು ವಲೇರಿಯನ್.

"ಅದಕ್ಕಿಂತ ಮೊದಲು ಯಾರೂ ಇಲ್ಲ. ನಾನೇ."

"ಹಾಗಾದರೆ ನೀನು."

"ನಾನು ಕೈ ಹಾಕುವುದು ಸರಿಮಾಡಲಿಕ್ಕೆ."

"ಎಲ್ಲರೂ ಅದಕ್ಕೇ ಹಾಕುವುದು," ಎಂದರು.

ಆಮೇಲೆ ಅವರು ಕುವೈತಿನ ಒಂದು ಕಥೆ ಹೇಳಿದರು. ನಾನು ಅವಸರದಲ್ಲಿದ್ದಾಗ ಹೇಳುವುದಕ್ಕೆಂದೇ ಅವರ ಬಳಿ ಅಂಥ ಕಥೆಗಳಿವೆ. ಒಂದು ಆಫೀಸಿನಲ್ಲಿ ಏಸಿ ತಂಪು ಮಾಡುವುದಿಲ್ಲವೆಂದು ಮೂರು ಸಲ ಬಿಚ್ಚಿ ಕಟ್ಟಿದರಂತೆ. ಏಸಿ ಸರಿಯಾಗಿಯೇ ಇತ್ತು. ಅಲ್ಲಿಯವರು ಒತ್ತುತ್ತಿದ್ದ ಗೋಡೆಯ ಬಟನ್ ಮಾತ್ರ ಬೇರೆ ಯಾವುದೋ ಹಳೆಯ ಏಸಿಯದ್ದು. ಆ ಏಸಿಯನ್ನು ಯಾವಾಗಲೋ ಕಳಚಿ ಕೊಂಡೊಯ್ದಿದ್ದರು. "ನೀನು ಹೆಸರು ಕರೆದರೆ ಓಗೊಡುವುದು ನೀನು ರಿಪೇರಿ ಮಾಡ್ತಾ ಇರುವ ಅದೇ ವಸ್ತು ಅಂತ ಗ್ಯಾರಂಟಿ ಉಂಟಾ?"

ಉಂಟು ಎನ್ನಲು ಬಾಯಿ ತೆರೆದವಳು ಕೀಬೋರ್ಡಿನ ಕಡೆ ತಿರುಗಿದೆ. ಲಿನಕ್ಸಿನಲ್ಲಿ ಅದನ್ನು ಕೇಳಲು ಒಂದು ಪುಟ್ಟ ಪದ ಉಂಟು. ಈ ಹೆಸರಿನವರು ಯಾವ ಮನೆಯಲ್ಲಿದ್ದಾರೆ ಎಂದು ಅದು ಹೇಳುತ್ತದೆ. ಮೊದಲ ವರ್ಷದ ಮಕ್ಕಳಿಗೆ ಎರಡನೆಯ ವಾರ ನಾನೇ ಕಲಿಸುವುದು. ಒತ್ತಿದೆ. ಬಂದ ವಿಳಾಸ ನಾನು ಬೆಳಿಗ್ಗಿನಿಂದ ತೆಗೆದು ಹಾಕಿ ಮಾಡುತ್ತಿದ್ದ ಮನೆಯದ್ದಲ್ಲ, ಅದರ ಪಕ್ಕದ ಮನೆಯದ್ದು. ಅಲ್ಲಿ ಕಂಪೈಲರಿನದ್ದೇ ಹೆಸರಿಟ್ಟುಕೊಂಡು ಒಂದು ಸಣ್ಣ ಫೈಲು ಕೂತಿತ್ತು. ಅದನ್ನು ತೆರೆದೆ. ಹನ್ನೊಂದು ಸಾಲು. ಮೊದಲ ಸಾಲಿನಲ್ಲಿ ಹೀಗಿತ್ತು: "ತಾತ್ಕಾಲಿಕ. ಪರೀಕ್ಷೆ ಮುಗಿದ ಕೂಡಲೇ ತೆಗೆಯಬೇಕು. ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ಐರಿನ್."

ಆರು ವರ್ಷದ ಹಿಂದಿನ ಕ್ರಿಸ್ಮಸ್ ರಜೆ ಇಡಿಯಾಗಿ ಕಣ್ಣೆದುರು ಬಂತು. ಲಿನಕ್ಸಿನ ಕಂಪೈಲರಿಗೆ ಪರದೆ ಒರೆಸುವ ಸಾಲು ಅರ್ಥವಾಗುತ್ತಿರಲಿಲ್ಲ. ರೆಕಾರ್ಡ್ ತಿದ್ದಿಸಬಹುದಿತ್ತು. ಆದರೆ ರೆಕಾರ್ಡ್ ತಿದ್ದುವುದೇ? ಹಾಗಾಗಿ ನಾನು ಕಂಪೈಲರನ್ನೇ ತಿದ್ದಲು ಹೊರಟು, ಅದರ ಎದುರು ಅದೇ ಹೆಸರಿನ ಈ ದ್ವಾರಪಾಲಕನನ್ನು ಕೂರಿಸಿದ್ದೆ. ಯಾರು ಕರೆದರೂ ಮೊದಲು ಇವನೇ ಓಗೊಡುವುದು. ಒರೆಸುವ ಸಾಲನ್ನು ಹೇಗೋ ನಿಭಾಯಿಸಿ, ಉಳಿದದ್ದನ್ನು ಒಳಗಿದ್ದ ಆ ಕಾಲದ ಕಂಪೈಲರಿಗೆ ದಾಟಿಸುವುದು. ಎಚ್ಚರಿಕೆಯ ಸಾಲುಗಳು ಕಂಡರೆ ಎಕ್ಸಾಮಿನರ್ ಏನೆನ್ನುತ್ತಾರೋ ಎಂದು, ಮಕ್ಕಳ ತಪ್ಪುಗಳ ಹೊರತು ಬೇರೆ ಯಾವ ಮಾತನ್ನೂ ಹೊರಗೆ ಬಿಡಬೇಡ ಎಂದೂ ಅವನಿಗೆ ಅಪ್ಪಣೆ ಮಾಡಿದ್ದೆ. ಈಗ ಅಪ್‌ಡೇಟಿನಲ್ಲಿ ಹಳೆಯ ಕಂಪೈಲರ್ ಹೋಗಿ ಹೊಸದು ಬಂದಿತ್ತು. ದ್ವಾರಪಾಲಕ ಹಳಬನನ್ನು ಕೂಗುತ್ತಿದ್ದ, ಒಳಗೆ ಅಂಥವರು ಯಾರೂ ಇಲ್ಲ ಎಂಬ ಉತ್ತರ ಬರುತ್ತಿತ್ತು, ಅದನ್ನು ನನ್ನ ಅಪ್ಪಣೆಯಂತೆ ಅವನು ನುಂಗಿಕೊಳ್ಳುತ್ತಿದ್ದ. ಬೆಳಿಗ್ಗಿನಿಂದ ನನ್ನನ್ನು ಕಾಡಿದ ಆ ಮೌನ ನಾನೇ ಕಲಿಸಿದ್ದಾಗಿತ್ತು.

"ಇನ್ನು ಇಪ್ಪತ್ತಮೂರು ಉಂಟು, ನಾಲ್ಕೂವರೆಯ ಒಳಗೆ ಆಗುವುದಿಲ್ಲ," ಎಂದು ನಾನು ಎದ್ದೆ.

"ಅದೆಲ್ಲ ಆಗಿದೆ ಮೇಡಂ," ಎಂದಳು ಮಮತಾ. "ಆ ಫೈಲನ್ನು ಬದಿಗಿಟ್ಟಿದ್ದೇನೆ. ಎಲ್ಲ ಓಡ್ತಾ ಉಂಟು. ನಿಮ್ಮದೊಂದೇ ಬಾಕಿ, ಅದರಲ್ಲಿ ನೀವು ಕೂತಿದ್ದಿರಲ್ಲ."

"ನಿನಗೆ ಯಾವಾಗ ಗೊತ್ತಾಯಿತು?"

"ಹತ್ತೂವರೆಗೆ. ಹೇಳಲಿಕ್ಕೆ ಬಂದೆ. ಯೋಚನೆ ಮಾಡ್ತಾ ಇದ್ದೇನೆ ಅಂದಿರಿ."

ವಲೇರಿಯನ್ ಕನ್ನಡಕ ತೆಗೆದು ಒರೆಸಲು ಶುರುಮಾಡಿದರು. ನಗು ತಡೆಯುವಾಗ ಅವರು ಹಾಗೆ ಮಾಡುತ್ತಾರೆ.

"ಆದರೆ ಮಕ್ಕಳ ರೆಕಾರ್ಡಿನ ಮೊದಲ ಸಾಲು? ಅದು ಇಲ್ಲದೆ ಅವರು ನಾಳೆ ಹೇಗೆ ಬರೆಯುವುದು?" ಎಂದು ನಾನು ಕೊನೆಯ ಕಡ್ಡಿಯನ್ನು ಹಿಡಿದುಕೊಂಡೆ.

"ಅವರು ಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಅದನ್ನು ತೆಗೆದೇ ಓಡಿಸುವುದು ಮೇಡಂ. ಲ್ಯಾಬಿಗೆ ಬರುವಾಗ ಮಾತ್ರ ನಿಮಗೋಸ್ಕರ ಹಾಕ್ತಾರೆ. ನಾಳೆ ಬೇಡ ಅಂತ ಹೇಳಿದರೆ ಸಾಕು."

ಆರು ವರ್ಷದಿಂದ ಇಪ್ಪತ್ತನಾಲ್ಕು ಕಂಪ್ಯೂಟರಿನ ಬಾಗಿಲಲ್ಲಿ ಕಾವಲು ಕೂತಿದ್ದವನ ಕೆಲಸ ಅಷ್ಟೇ ಆಗಿತ್ತು. ಮಕ್ಕಳು ನನ್ನ ಮನಸ್ಸು ನೋಯಬಾರದೆಂದು ಬರೆಯುತ್ತಿದ್ದ ಸಾಲನ್ನು ಅವನು ಮಕ್ಕಳಿಗೆ ತೊಂದರೆಯಾಗಬಾರದೆಂದು ನುಂಗುತ್ತಿದ್ದ.

ಆಗ ಪತ್ರ ನೆನಪಾಗಿ ನನಗೆ ನಿಜವಾಗಿ ನಾಚಿಕೆಯಾಯಿತು. "ಮಮತಾ, ಬೆಳಿಗ್ಗೆ ಆ ಪತ್ರ..." ಎಂದೆ. "ಆಫೀಸಿನಲ್ಲಿ ಪಿನ್ ತೆಗೆದು ಓದಿದರು ಮೇಡಂ, ಸ್ವಲ್ಪ ಜೋರಾಗಿ," ಎಂದು ಅವಳು ಸೀಟ್ ನಂಬರಿನ ಚೀಟಿಗಳನ್ನು ಸರಿಮಾಡತೊಡಗಿದಳು. ಓದುವುದನ್ನು ಕೇಳಿ ಬಂದವಳು ಇಪ್ಪತ್ತಮೂರು ಕಂಪ್ಯೂಟರ್ ಸರಿಮಾಡಿದ್ದಳು. ನಾನಾಗಿದ್ದರೆ ಹತ್ತೂವರೆಯ ಬಸ್ಸಿಗೇ ಮನೆಗೆ ಹೋಗುತ್ತಿದ್ದೆ.

ಓಡಿಹೋಗಿ ಆಫೀಸಿನಲ್ಲಿ ಪತ್ರ ಹಿಂದೆ ಕೇಳಿದೆ. ಇನ್‌ವರ್ಡ್ ನಂಬರ್ ಬಿದ್ದು ಆವಕ ಪುಸ್ತಕ ಸೇರಿಯಾಗಿದೆ, ನಂಬರ್ ಬಿದ್ದದ್ದನ್ನು ಹಿಂದೆ ಕೊಡುವ ಕ್ರಮ ಇಲ್ಲ, ಬೇಕಾದರೆ ಇನ್ನೊಂದು ಬರೆಯಿರಿ ಎಂದರು. ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. ಮೊದಲನೆಯದಕ್ಕೆ ಹತ್ತು ನಿಮಿಷ ಹಿಡಿದಿತ್ತು. ಇದು ನಾಲ್ಕು ಸಾಲು, ಮೂರು ಕಾಗದ ಹರಿದೆ. ತಪ್ಪೊಪ್ಪಿಗೆಗೆ ಪಾದ್ರಿಗಳ ಎದುರು ಮೊಣಕಾಲೂರುವುದು ಎಷ್ಟೋ ಸುಲಭ, ಅಲ್ಲಿ ಇನ್‌ವರ್ಡ್ ನಂಬರ್ ಇಲ್ಲ. ಕೊನೆಗೆ, "ಮೊದಲ ಪತ್ರದಲ್ಲಿ ಹೇಳಿದ ಅನನುಭವಿ ನಾನೇ. ಲ್ಯಾಬನ್ನು ಸರಿಪಡಿಸಿದವರು ಮಮತಾ. ಅಪ್‌ಡೇಟಿಗೆ ಅನುಮತಿ ನನ್ನದೇ," ಎಂದು ಬರೆದು ಪ್ರಿನ್ಸಿಪಾಲರ ಕೈಗೇ ಕೊಟ್ಟೆ. ಅವರು ಎರಡೂ ಪತ್ರಗಳನ್ನು ಅಕ್ಕಪಕ್ಕ ಇಟ್ಟು, ಎರಡು ಜಾತಿಯ ಎಲೆಗಳನ್ನು ಹೋಲಿಸುವ ಹಾಗೆ ಬಹಳ ಹೊತ್ತು ನೋಡಿದರು.

"ಹುಡುಗಿಯದ್ದು ಮುಂದುವರಿಸುವ ಅಂತಾಯಿತು," ಎಂದರು. "ಆದರೆ ಮೇಡಂ, ಮೊದಲಿನ ಪತ್ರದಲ್ಲಿ ನೀವೊಂದು ಸಲಹೆ ಕೊಟ್ಟಿದ್ದೀರಿ. ತಪ್ಪೆಸಗಿದವರಿಂದ ಪಾಸ್‌ವರ್ಡ್ ಹಿಂಪಡೆದು ಜವಾಬ್ದಾರಿಯುಳ್ಳ ಒಬ್ಬರ ವಶದಲ್ಲಿ ಇರಿಸತಕ್ಕದ್ದು ಅಂತ. ಒಳ್ಳೆಯ ಸಲಹೆ. ಅದನ್ನು ಜಾರಿ ಮಾಡುವ."

ಮರುದಿನ ಪರೀಕ್ಷೆ ಚೆನ್ನಾಗಿ ನಡೆಯಿತು. ರಿಜ್ವಾನಾ ಒಂದು ಗಂಟೆ ಮೊದಲೇ ಬಂದು ಮೆಟ್ಟಿಲಲ್ಲಿ ಕೂತಿದ್ದಳು. ಒರೆಸುವ ಸಾಲನ್ನು ಒಬ್ಬರೂ ಬರೆಯಲಿಲ್ಲ, ಒಂದು ಕಂಪ್ಯೂಟರೂ ಮಾತು ಬಿಡಲಿಲ್ಲ. ಕಾರ್ಕಳದ ಎಕ್ಸಾಮಿನರ್ ಲ್ಯಾಬು ಬಹಳ ಚೆನ್ನಾಗಿಟ್ಟಿದ್ದೀರಿ ಎಂದರು. ಮಮತಾ ನೀರಿನ ಬಾಟಲಿ ಇಡಲು ಬಂದಿದ್ದಳು. ನಾನು ಅವಳ ಕಡೆ ತೋರಿಸಿದೆ. ಅದಕ್ಕೆ ನನಗೆ ಎಷ್ಟು ಕಷ್ಟವಾಯಿತೆಂದು ಹೇಳುವುದಿಲ್ಲ.

ಈಗ ಪಾಸ್‌ವರ್ಡ್ ಮಮತಾಳ ಹತ್ತಿರ ಉಂಟು. ನನಗೆ ಬೇಕಾದಾಗ ಅವಳು ಬಂದು, ಮೈ ಸ್ವಲ್ಪ ಅಡ್ಡ ಮಾಡಿ ಒತ್ತಿಕೊಟ್ಟು, ನಾನು ಮುಗಿಸುವವರೆಗೆ ಹಿಂದೆ ನಿಲ್ಲುತ್ತಾಳೆ. ಹೋದ ವಾರ ಪ್ರಿಂಟರಿಗೆ ಎಂತದೋ ತೊಂದರೆಯೆಂದು ನಾನು ಒಂದು ಪುಟ್ಟ ಫೈಲು ಬರೆದು ಸೇರಿಸುತ್ತಿದ್ದೆ. "ಮೇಡಂ, ಇದು ತಾತ್ಕಾಲಿಕವಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ಹೌದೆಂದೆ. ಅವಳು ಮೇಜಿನ ಖಾನೆಯಿಂದ ಒಂದು ಹೊಸ ರಿಜಿಸ್ಟರ್ ತೆಗೆದಳು. ಕಂದು ಕಾಗದದ ಬೈಂಡು, ಒಳಗೆ ಸ್ಕೇಲಿಟ್ಟು ಎಳೆದ ಗೆರೆಗಳು, ಮೇಲೆ ಚಂದ ಅಕ್ಷರದಲ್ಲಿ, ಕೈ ಹಾಕಿದವರ ಹೆಸರು. ಇದು ಯಾರ ಯೋಚನೆ ಎಂದು ಕೇಳಿದೆ. ಆ ದಿನ ವಲೇರಿಯನ್ ಸರ್ ಹೋಗುವಾಗ ಹೇಳಿ ಹೋದದ್ದು ಎಂದಳು. ನಾನು ಪೆನ್ನು ತೆಗೆದುಕೊಂಡು ಸಹಿ ಹಾಕಿದೆ. ಆ ಪುಟದಲ್ಲಿ ಇಷ್ಟರವರೆಗೆ ಎಂಟು ಹೆಸರುಗಳಾಗಿವೆ. ಎಂಟೂ ನನ್ನದೇ.